ಟಲ್ಸಾದ ಸುಟ್ಟ ಕೇರಿ

ಆಗಿನ ರಾಯಚೂರಿನಲ್ಲಿ ಚಳಿಗಾಲ ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ಹೊಸ ಶೇಂಗಾ ಮಿಲ್ಲಿಗೆ ಬಿದ್ದ ದಿನದಿಂದ ಇಡೀ ಊರು ಎಣ್ಣೆ ಮತ್ತು ಹಿಂಡಿಯ ವಾಸನೆಯಲ್ಲೇ ಏಳುತ್ತಿತ್ತು, ಅದರಲ್ಲೇ ಮಲಗುತ್ತಿತ್ತು. ಜಿನ್ನಿಂಗ್ ಫ್ಯಾಕ್ಟರಿಗಳ ಪಕ್ಕದ ಬೇವಿನ ಮರಗಳಿಗೆ ಹತ್ತಿಯ ಎಳೆ ಅಂಟಿಕೊಂಡು ಮರಗಳೆಲ್ಲ ಮುದುಕರಂತೆ ಕಾಣುತ್ತಿದ್ದವು. ಚೀಲ ತುಂಬಿದ ಬಂಡಿಗಳ ಹಿಂದೆ ನಡೆದು, ಉದುರಿದ ಶೇಂಗಾ ಆರಿಸಿ ಲಂಗದ ಮಡಿಲಿಗೆ ಹಾಕಿಕೊಂಡು ಶಾಲೆ ಮುಟ್ಟುವುದು ನಮಗೆಲ್ಲ ರೂಢಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಎಂಟನೇ ತರಗತಿಯಲ್ಲಿದ್ದೆ.

ಅಬ್ಬಾ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ನಮ್ಮದು ದಖನಿ ಉರ್ದು. ಕನ್ನಡವನ್ನು ನಾನು ಕಲಿತದ್ದು ಪುಸ್ತಕದಿಂದ. ಹಾಗಾಗಿ ಅದು ಓಣಿಯ ಕನ್ನಡವಾಗದೆ ಅಚ್ಚಿನ ಕನ್ನಡವಾಗಿತ್ತು. ನಮ್ಮ ಹೆಡ್‌ಮಿಸ್ಟ್ರೆಸ್ಸರಿಗೆ ಅದೊಂದು ಅಚ್ಚರಿ. ಬೇರೆ ತರಗತಿಗಳಿಗೆ ನನ್ನನ್ನು ಕರೆದೊಯ್ದು ಪಾಠ ಓದಿಸಿ, "ಈ ಸಾಬರ ಹುಡುಗಿನ್ನ ನೋಡಿ ಕಲೀರಿ, ನಿಮಗಿಂತ ಚೊಲೋ ಮಾತಾಡ್ತಾಳ" ಎನ್ನುತ್ತಿದ್ದರು. ಆ ಮಾತಿನಲ್ಲಿ ಎಷ್ಟು ಹೊಗಳಿಕೆ, ಎಷ್ಟು ಬೇರೇನೋ ಇತ್ತೆಂದು ಅಳೆಯುವ ವಯಸ್ಸಲ್ಲ ಅದು. ನನಗೆ ಅದು ಬೇಕಿತ್ತು. ದಿನಾ ಬೇಕಿತ್ತು.

ನನ್ನ ಪಕ್ಕ ಕೂಡುತ್ತಿದ್ದವಳು ಹುಲಿಗೆಮ್ಮ. ದೇವದುರ್ಗ ತಾಲೂಕಿನ ಮಸರಕಲ್ಲಿನವಳು. ಅವ್ವ ಅಪ್ಪ ಇಬ್ಬರೂ ಮಂದಿಯ ಹೊಲಕ್ಕೆ ಕೂಲಿಗೆ ಹೋಗುವವರು. ಇವಳು ನಮ್ಮೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕುಂಟಬಿಲ್ಲೆಯಲ್ಲಿ ಆಕೆಯನ್ನು ಸೋಲಿಸಿದವರಿಲ್ಲ. ಪಾಠದ ನಡುವೆ ಎದ್ದು ನಿಂತು ಏನಾದರೊಂದು ಕೇಳದೆ ಇದ್ದ ದಿನವೂ ಇಲ್ಲ. ರಾಜ ಕೆರೆ ಕಟ್ಟಿಸಿದ ಎಂದು ಟೀಚರು ಹೇಳಿದರೆ, "ಮಣ್ಣು ಯಾರು ಹೊತ್ತಾರ್ರಿ ಅಕ್ಕೋರೇ?" ಎನ್ನುವಳು. ತರಗತಿ ನಗುತ್ತಿತ್ತು. ಇತಿಹಾಸ ಕಲಿಸುತ್ತಿದ್ದ ಸರೋಜಾ ಅಕ್ಕೋರು ಮಾತ್ರ ನಗುತ್ತಿರಲಿಲ್ಲ.

ಆ ವರ್ಷ ಶಾಲೆಯಲ್ಲಿ ವಸ್ತುಪ್ರದರ್ಶನ ಇಟ್ಟರು. ದೊಡ್ಡ ಅಧಿಕಾರಿಯೊಬ್ಬರು ಉದ್ಘಾಟನೆಗೆ ಬರುವವರಿದ್ದರು. ಎಲ್ಲರೂ ಕೋಟೆ, ಅಣೆಕಟ್ಟು, ಜ್ವಾಲಾಮುಖಿ ಎಂದು ಹೆಸರು ಬರೆಸಿದರು. ಸರೋಜಾ ಅಕ್ಕೋರು ನಮ್ಮಿಬ್ಬರನ್ನು ಕರೆದು ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೋರಿಸಿದರು. ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡದ್ದಂತೆ, ಬೆನ್ನು ಹರಿದಿತ್ತು.

"ಅಮೆರಿಕಾದಾಗ ಟಲ್ಸಾ ಅಂತ ಒಂದು ಊರದ. ಅದೂ ಎಣ್ಣಿ ಊರ. ಆದರ ಆ ಎಣ್ಣಿ ನೆಲದಾಗಿನದು. ಒಂದು ಹಳ್ಳಿ ಹೆಂಗ ದೊಡ್ಡ ನಗರ ಆತು ಅಂತ ಹಂತ ಹಂತವಾಗಿ ಮಾಡಿ ತೋರಿಸ್ರಿ" ಎಂದರು.

ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ಆ ಪುಸ್ತಕ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲು ಅಲ್ಲಿ ಬಂದು ನೆಲೆಸಿದವರು ಕ್ರೀಕ್ ಎಂಬ ಮೂಲನಿವಾಸಿಗಳು. ಅವರನ್ನು ಬಿಳಿಯರು ದೂರದ ಸ್ವಂತ ನೆಲದಿಂದ ಹೊಡೆದಟ್ಟಿದ್ದರು. ನಡೆದು ನಡೆದು ಬಂದವರು ನದಿಯ ದಂಡೆಯಲ್ಲಿ ಒಂದು ಓಕ್ ಮರದ ಕೆಳಗೆ ನಿಂತರು. ಬಿಟ್ಟು ಬಂದ ಊರಿನ ಬೆಂಕಿಯ ಬೂದಿಯನ್ನು ಜೊತೆಗೆ ತಂದಿದ್ದರು, ಅದನ್ನು ಅಲ್ಲಿ ಹಾಕಿ ಹೊಸ ಬೆಂಕಿ ಹೊತ್ತಿಸಿದರು. ಆಮೇಲೆ ರೈಲು ಬಂತು. ಆಮೇಲೆ ನದಿಯ ಆಚೆ ಎಣ್ಣೆ ಸಿಕ್ಕಿತು. ಟಲ್ಸಾದವರು ನದಿಗೆ ಸೇತುವೆ ಕಟ್ಟಿ, ಎಣ್ಣೆ ತೆಗೆಯಲು ಬಂದವರನ್ನೆಲ್ಲ ಈಚೆಗೆ ಕರೆದರು. ಹೋಟೆಲು, ಬ್ಯಾಂಕು, ಮುಗಿಲು ಮುಟ್ಟುವ ಕಟ್ಟಡಗಳು ಎದ್ದವು.

"ಬೂದಿ ಹೊತಗೊಂಡು ಬಂದರಾ?" ಎಂದು ಹುಲಿಗೆಮ್ಮ ಅದನ್ನೇ ಮತ್ತೆ ಮತ್ತೆ ಕೇಳಿದಳು.

ಮೂರು ವಾರ ನಮಗೆ ಬೇರೆ ಲೋಕ ಇರಲಿಲ್ಲ. ದೊಡ್ಡ ಹಲಗೆಯೊಂದರ ಮೇಲೆ ಊರು ಏಳತೊಡಗಿತು. ಅಬ್ಬಾನ ಅಂಗಡಿಯ ಖಾಲಿ ಬಳೆ ಡಬ್ಬಿಗಳು ಎತ್ತರದ ಕಟ್ಟಡಗಳಾದವು. ತೊಗರಿ ಕಡ್ಡಿ ಕಟ್ಟಿ ಎಣ್ಣೆ ಬಾವಿಯ ಗೋಪುರ ಮಾಡಿದೆವು. ಮೋಟಾರು ಗ್ಯಾರೇಜಿನಿಂದ ಶೀಸೆಯಲ್ಲಿ ತಂದ ಕರಿ ಎಣ್ಣೆಯನ್ನು ತಗ್ಗುಗಳಿಗೆ ಸುರಿದೆವು. ಊರಿಗೆ ಹೋಗಿದ್ದ ಹುಲಿಗೆಮ್ಮ ಕೃಷ್ಣೆಯ ದಂಡೆಯ ಜಿಗಟು ಮಣ್ಣು ಗಂಟು ಕಟ್ಟಿಕೊಂಡು ಬಂದು ನದಿಯ ಎರಡೂ ದಡ ಮೆತ್ತಿದಳು. ರವಿವಾರ ನಮ್ಮ ಮನೆಯಂಗಳದಲ್ಲೇ ಕೆಲಸ. ಅಮ್ಮಿ ಆಕೆಯನ್ನು ಖಿಚಡಿ, ಹುಣಸೆಯ ಖಟ್ಟಾ ಉಣ್ಣಿಸದೆ ಬಿಡುತ್ತಿರಲಿಲ್ಲ. "ಬೈಠ್ ಬೇಟಾ, ಖಾಕೆ ಜಾ" ಎನ್ನುವಳು. ಕೂತು ಉಂಡು ಹೋಗು ಎಂಬ ಆ ಮಾತು ಹುಲಿಗೆಮ್ಮನಿಗೆ ತಿಳಿಯುತ್ತಿತ್ತು. ಆದರೂ ಮೊದಮೊದಲು ಬಾಗಿಲ ಹೊರಗೇ ಕೂಡುತ್ತಿದ್ದಳು. ಒಳಗೆ ಬಂದು ಕೂಡಲು ಎರಡು ರವಿವಾರ ಬೇಕಾಯಿತು.

ಒಂದು ಸಂಜೆ ಅಕ್ಕೋರು ಪುಸ್ತಕದ ಒಂದು ಪುಟಕ್ಕೆ ಬಂದು ನಿಂತರು. ಹೊಗೆ ತುಂಬಿದ ಒಂದು ಮಸುಕು ಫೋಟೋ ಇತ್ತು. ಸ್ವಲ್ಪ ಹೊತ್ತು ತಾವೇ ಓದಿಕೊಂಡು ಆಮೇಲೆ ಹೇಳಿದರು. ರೈಲು ಹಳಿಯ ಉತ್ತರಕ್ಕೆ ಕರಿಯ ಜನರದ್ದೇ ಒಂದು ಬಡಾವಣೆ ಇತ್ತು. ಅವರಲ್ಲೂ ಎಣ್ಣೆಯ ಊರಿನ ದುಡಿಮೆಯಿಂದ ಮೇಲೆ ಬಂದವರಿದ್ದರು. ಅಂಗಡಿ, ಆಸ್ಪತ್ರೆ, ಸಿನಿಮಾ ಥೇಟರು ಎಲ್ಲ ಇತ್ತು. ಒಬ್ಬ ಕರಿಯ ಹುಡುಗನ ಮೇಲೆ ಆರೋಪ ಹೊರಿಸಿದ್ದೇ ನೆವವಾಗಿ ಬಿಳಿಯರು ನುಗ್ಗಿ, ಜನರನ್ನು ಕೊಂದು, ಆ ಬಡಾವಣೆಯನ್ನೆಲ್ಲ ಸುಟ್ಟು ಹಾಕಿದರು.

ನಾನು ಬರೆದುಕೊಳ್ಳುತ್ತಿದ್ದೆ. ಹುಲಿಗೆಮ್ಮ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇದನ್ನೂ ಮಾಡಬೇಕ್ರಿ ಅಕ್ಕೋರೇ."

"ಮಾಡಬಹುದು" ಎಂದರು ಅಕ್ಕೋರು. ಅವರ ದನಿ ಸಣ್ಣಗಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಆಕೆ ನನಗೆ ಹೇಳಿದಳು. "ನಮ್ಮವ್ವನ ತವರೂರಾಗ ಮ್ಯಾಲಿನ ಜಾತಿಯವರು ನಮ್ಮ ಮಂದಿಯ ಗುಡಿಸಲು ಸುಟ್ಟಿದ್ದರಂತ. ಅವರ ಬಾವ್ಯಾಗ ನೀರು ಸೇದಿದ್ದಕ್ಕ. ಅವ್ವ ಆಗ ಸಣ್ಣಾಕಿ. ಜ್ವಾಳದ ಗಡಿಗಿ ಒಡದು ಜ್ವಾಳ ಹುರದಿತ್ತಂತ. ಆ ವಾಸನಿ ಹೇಳ್ತಾಳ ಆಕಿ, ಬ್ಯಾರೆ ಏನೂ ಹೇಳಂಗಿಲ್ಲ."

ಮರುದಿನ ಆಕೆ ಹತ್ತಿ ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ ತಂದಳು. ರೈಲು ಹಳಿಯ ಆಚೆ ಅಂಗೈಯಗಲದ ಜಾಗದಲ್ಲಿ ಸುಟ್ಟ ಮನೆಗಳ ಸಾಲು ಕಟ್ಟಿದಳು. ಅರ್ಧ ಉರಿದ ಗೋಡೆ, ಬಿದ್ದ ಮಾಳಿಗೆ, ಒಂದು ಬಾಗಿಲು ಮಾತ್ರ ನಿಂತ ಮನೆ. ಇಡೀ ಮಾದರಿಯಲ್ಲಿ ನಿಜವಾದ ಊರಿನಂತೆ ಕಾಣುತ್ತಿದ್ದುದು ಅದೊಂದೇ. ನನ್ನ ಬಳೆ ಡಬ್ಬಿಗಳು ಬಳೆ ಡಬ್ಬಿಗಳಂತೆಯೇ ಕಾಣುತ್ತಿದ್ದವು.

ಪ್ರದರ್ಶನದ ಹಿಂದಿನ ದಿನ ಹೆಡ್‌ಮಿಸ್ಟ್ರೆಸ್ಸರು ಎಲ್ಲ ನೋಡುತ್ತ ನಮ್ಮ ಮೇಜಿಗೆ ಬಂದರು. ಗೋಪುರಗಳನ್ನು ಮೆಚ್ಚಿದರು. ಆಮೇಲೆ ಬೆರಳು ಅಲ್ಲಿಗೆ ಹೋಯಿತು.

"ಇದೇನಿದು ಕರ್ರಗ?"

ಹುಲಿಗೆಮ್ಮ ವಿವರಿಸಿದಳು.

"ದೊಡ್ಡವರು ಬರ್ತಾರ, ಸುಟ್ಟದ್ದು ಕೊಂದದ್ದು ತೋರಿಸ್ತೀರೇನು? ಊರು ಬೆಳದದ್ದು ತೋರಿಸ್ರಿ. ತಗಿ ಅದನ್ನ."

"ನಡದದ್ದರೀ ಅದು. ತಗ್ಯಂಗಿಲ್ಲರಿ" ಎಂದಳು ಹುಲಿಗೆಮ್ಮ. ಎದುರು ಮಾತಾಡುವ ದನಿಯಲ್ಲ, ಲೆಕ್ಕದ ಉತ್ತರ ಹೇಳಿದಂತೆ ಹೇಳಿದಳು.

ಹೆಡ್‌ಮಿಸ್ಟ್ರೆಸ್ಸರು ಆಕೆಯ ಬರಿಗಾಲು ನೋಡಿದರು. ಆಮೇಲೆ ಸರೋಜಾ ಅಕ್ಕೋರ ಕಡೆ ನೋಡಿದರು. ಅಕ್ಕೋರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಕೊನೆಗೆ ಹೆಡ್‌ಮಿಸ್ಟ್ರೆಸ್ಸರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಮೆಹರುನ್ನಿಸಾ, ನಾಳೆ ನೀನೇ ವಿವರಿಸು. ನಿನ್ನ ಕನ್ನಡ ಛಂದದ. ಅದನ್ನ ತಗದು ಏನರ ಹಸರು ಹಾಕು."

ನಾನು ತಲೆಯಾಡಿಸಿದೆ.

ಮರುದಿನ ಹುಲಿಗೆಮ್ಮ ಹಾಸ್ಟೆಲಿನಿಂದ ಬರುವ ಮೊದಲೇ ಶಾಲೆಗೆ ಹೋದೆ. ಚಾಕುವಿನಿಂದ ಆ ಮನೆಗಳನ್ನು ಕೆರೆದು ತೆಗೆದೆ. ಅಂಟು ಗಟ್ಟಿಯಾಗಿತ್ತು, ಒಂದೊಂದನ್ನೂ ಮುರಿಯಬೇಕಾಯಿತು. ಆ ಜಾಗಕ್ಕೆ ಹಸಿರು ಬಣ್ಣ ಹಾಕಿದ ಕಟ್ಟಿಗೆ ಹೊಟ್ಟು ಉದುರಿಸಿ, ನಾಲ್ಕು ಗಿಡ ನೆಟ್ಟು, "ಉದ್ಯಾನವನ" ಎಂದು ಚೀಟಿ ಅಂಟಿಸಿದೆ. ನಡುವೆ ಯಾರೂ ಬಂದು ನನ್ನನ್ನು ಗದರಿಸಲಿಲ್ಲ, ಕೈ ಹಿಡಿಯಲಿಲ್ಲ. ಸಾಕಷ್ಟು ಹೊತ್ತಿತ್ತು, ನಿಲ್ಲಿಸಬಹುದಿತ್ತು. ಇದನ್ನು ಹೇಳದೆ ಬಿಟ್ಟರೆ ಬರೆದದ್ದಕ್ಕೆ ಅರ್ಥವಿಲ್ಲ.

ಹುಲಿಗೆಮ್ಮ ಬಂದಳು, ನೋಡಿದಳು. ನನ್ನ ಉಗುರುಗಳಲ್ಲಿ ಇನ್ನೂ ಇದ್ದಿಲ ಮಸಿ ಇತ್ತು, ಅದನ್ನೂ ನೋಡಿದಳು. ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಳು.

ಅಧಿಕಾರಿ ಬಂದರು. ಜೊತೆಗೆ ಊರಿನ ಮಿಲ್ ಮಾಲೀಕರು, ವಕೀಲರು. ನಾನು ಕೋಲು ಹಿಡಿದು ಹೇಳಿದೆ. ಮರ, ನದಿ, ರೈಲು, ಬಾವಿ, ಸೇತುವೆ, ಕಟ್ಟಡ. ಒಂದು ಮಾತೂ ತಡವರಿಸಲಿಲ್ಲ. ಅಧಿಕಾರಿಗೆ ಖುಷಿಯಾಯಿತು.

"ಇಷ್ಟು ದೊಡ್ಡ ಊರು. ಇದಕ್ಕೆ ಕಷ್ಟವೇ ಬರಲಿಲ್ಲವೇನಮ್ಮ?" ಎಂದು ನಗುತ್ತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

"ಅಲ್ಲಿ ತ್ವಾಟ ಇದ್ದಿಲ್ಲರಿ. ಕರಿ ಮಂದಿ ಕೇರಿ ಇತ್ತು. ಸುಟ್ಟರ್ರಿ. ಮಂದಿನ್ನ ಕೊಂದರು."

ಎಲ್ಲರೂ ತಿರುಗಿ ನೋಡಿದರು. ಹೆಡ್‌ಮಿಸ್ಟ್ರೆಸ್ಸರ ಮುಖ ಕೆಂಪಾಯಿತು. ಅಧಿಕಾರಿ ಹುಬ್ಬೇರಿಸಿ ನನ್ನನ್ನೇ ಕೇಳಿದರು, "ಹೌದೇನಮ್ಮ?"

ಸರೋಜಾ ಅಕ್ಕೋರು ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಹುಲಿಗೆಮ್ಮ ನನ್ನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ಮುಂಜಾನೆ ನಾನು ಮಾಡಿದ್ದನ್ನು ಕಂಡ ಮೇಲೂ, ಹೌದೆನ್ನುತ್ತೇನೆಂದು ನಂಬಿದ್ದಳು.

"ಪುಸ್ತಕದಲ್ಲಿ ಹಾಗೇನೂ ಇಲ್ಲ ಸರ್" ಎಂದೆ, ನನ್ನ ಶುದ್ಧ ಕನ್ನಡದಲ್ಲಿ.

"ಹಳ್ಳಿ ಹುಡುಗಿ, ಏನೋ ಕತಿ ಕಟ್ಟ್ಯಾಳ" ಎಂದರು ಒಬ್ಬರು. ಎಲ್ಲರೂ ನಕ್ಕರು. ಅಧಿಕಾರಿ ನನ್ನ ಬೆನ್ನು ತಟ್ಟಿ ಮುಂದಿನ ಮೇಜಿಗೆ ಹೋದರು. ನಮ್ಮ ಮಾದರಿಗೆ ಮೊದಲ ಬಹುಮಾನ ಬಂತು. ಸಂಜೆ ವೇದಿಕೆಯಲ್ಲಿ ಕರೆದದ್ದು ನನ್ನ ಹೆಸರೊಂದನ್ನೇ.

ಆಮೇಲಿನ ಒಂದು ವಾರ ಹುಲಿಗೆಮ್ಮ ನನ್ನ ಪಕ್ಕದಲ್ಲೇ ಕೂತಳು. ಜಗಳ ತೆಗೆಯಲಿಲ್ಲ. ಬೈದಿದ್ದರೆ, ಜಡೆ ಹಿಡಿದು ಎಳೆದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ರಬ್ಬರು ಕೇಳಿದರೆ ಕೊಡುತ್ತಿದ್ದಳು, ನೀರಿಗೆ ಕರೆದರೆ ಬರುತ್ತಿದ್ದಳು. ಪಾಠದಲ್ಲಿ ಎದ್ದು ನಿಲ್ಲುವುದನ್ನು ಮಾತ್ರ ಬಿಟ್ಟಳು. ಒಮ್ಮೆ ಸರೋಜಾ ಅಕ್ಕೋರು ಪಾಠ ನಿಲ್ಲಿಸಿ, "ಹುಲಿಗೆಮ್ಮಾ, ಏನರ ಕೇಳೋದು ಅದ ಏನು?" ಎಂದರು. ಆಕೆ "ಇಲ್ಲರಿ" ಎಂದಳು.

ಎಳ್ಳಮಾವಾಸ್ಯೆಗೆ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಹತ್ತು ದಿನ ನೋಡಿ ಅಕ್ಕೋರು ಬಸ್ಸು ಹಿಡಿದು ಮಸರಕಲ್ಲಿಗೆ ಹೋದರು. ಮರುದಿನ ನನ್ನನ್ನು ಹೊರಗೆ ಕರೆದು, ಆಕೆಯ ಅವ್ವ ಹೇಳಿದ್ದನ್ನು ಹಾಗೇ ಹೇಳಿದರು. "ನಾವೇನು ಬ್ಯಾಡ ಅಂದಿಲ್ಲರಿ. ಹೊಡದೂ ನೋಡಿದಿವಿ. ಸಾಲಿಯಾಗ ಕಲಿಯೂದು ಏನೂ ಇಲ್ಲ ಅಂತಾಳ್ರಿ."

ಅಕ್ಕೋರು ಅತ್ತಿದ್ದರೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ನನಗೆ ಬೈಯಲಿಲ್ಲ. ಬೈಯುವ ಹಕ್ಕು ತಮಗಿಲ್ಲವೆಂದು ಅವರಿಗೆ ಗೊತ್ತಿತ್ತೇನೋ. ನಾವಿಬ್ಬರೂ ಆಮೇಲೆ ಒಬ್ಬರನ್ನೊಬ್ಬರು ಆದಷ್ಟು ತಪ್ಪಿಸಿಕೊಂಡೇ ಓಡಾಡಿದೆವು.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಮಾನ್ವಿಯಾಚೆಯ ಒಂದು ಊರಿನಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಒಂದು ಮುಂಜಾನೆ ರಾಯಚೂರಿನಿಂದ ಹೋಗುವಾಗ ಬಸ್ಸು ಪೋತ್ನಾಳದಲ್ಲಿ ಚಹಾಕ್ಕೆ ನಿಂತಿತು. ನಾಟಿಗೆ ಬಂದ ಹೆಂಗಸರು ಹೋಟೆಲಿನ ಮುಂದೆ ಕೊಡಕ್ಕೆ ನೀರು ತುಂಬುತ್ತಿದ್ದರು. ಮೊಣಕಾಲಿನವರೆಗೆ ಗದ್ದೆಯ ರಾಡಿ. ಅವರಲ್ಲೊಬ್ಬಳು ಕಿಟಕಿಯ ಕೆಳಗೆ ಬಂದು ನಿಂತಳು.

"ಮೆಹರೂ ಅಲ್ಲೇನು?"

ಇಳಿದು ಬಂದೆ. ಹುಲಿಗೆಮ್ಮ ತೆಳ್ಳಗಾಗಿದ್ದಳು, ದನಿ ಹಾಗೇ ಇತ್ತು. ಗಂಡ, ಎರಡು ಮಕ್ಕಳು, ನಾಟಿ ಇದ್ದಲ್ಲಿಗೆ ಗುಂಪಿನ ಜೊತೆ ಹೋಗುವುದು, ಎಲ್ಲ ಹೇಳಿದಳು. ನಾನು ಟೀಚರಾಗಿದ್ದೇನೆಂದು ಹೇಳಿದೆ. ಕ್ಷಮಿಸು ಎನ್ನಬೇಕೆಂದುಕೊಂಡೆ. ಅದಕ್ಕೆ ಮೊದಲೇ ಆಕೆ ಕೇಳಿದಳು.

"ಸಾಲ್ಯಾಗ ಏನ್ ಕಲಸ್ತಿ?"

"ಇತಿಹಾಸ."

ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. "ಹುಡುಗ್ಯಾರಿಗೆ ಎಲ್ಲಾ ಹೇಳ್ತಿ ಏನು?"

"ಹೇಳ್ತೀನಿ" ಎಂದೆ.

"ಚೊಲೋ ಆತು" ಎಂದು ಹೆಂಗಸರ ಹಿಂದೆ ಗದ್ದೆಯ ಕಡೆ ನಡೆದಳು. ಕಂಡಕ್ಟರ್ ಸೀಟಿ ಊದಿದ. ಆಮೇಲೆ ಆಕೆಯನ್ನು ನಾನು ನೋಡಲಿಲ್ಲ.

ನಾನು ಎಲ್ಲಾ ಹೇಳುತ್ತಿರಲಿಲ್ಲ. ಅಂದೂ ಇಲ್ಲ, ನಿವೃತ್ತಿಯಾಗುವವರೆಗೂ ಇಲ್ಲ. ಪಠ್ಯದಲ್ಲಿ ಇದ್ದದ್ದನ್ನು, ಪರೀಕ್ಷೆಗೆ ಬರುವುದನ್ನು ಬರೆಸಿದೆ. ನನ್ನ ವಿಷಯದಲ್ಲಿ ಯಾರೂ ಫೇಲಾಗುತ್ತಿರಲಿಲ್ಲ, ಒಳ್ಳೆಯ ಟೀಚರೆಂದು ಹೆಸರೂ ಬಂತು. ಬಾಲ್ಯದ ಗೆಳತಿಯರನ್ನು ನೆನೆಯುವಾಗ ಜನ ಕಳೆದುಹೋದ ಆಟ, ಊಟ, ಓಣಿಗಳನ್ನು ಎಣಿಸುತ್ತಾರೆ. ನಾನು ಮಾತ್ರ, ಹುಲಿಗೆಮ್ಮನಂತೆ ಎದ್ದು ನಿಂತು ಕೇಳುವ ಹುಡುಗಿ ಮತ್ತೊಬ್ಬಳು ನನ್ನ ತರಗತಿಗೆ ಬರಲೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ.

ಅದೂ ನಿಜವಲ್ಲ. ಮೊದಲ ವರ್ಷಗಳಲ್ಲಿ ನಾಲ್ಕಾರು ಹುಡುಗಿಯರು ಎದ್ದು ನಿಂತಿದ್ದರು. ಅವರನ್ನು ಗದರಿಸಿ ಕೂಡಿಸಿದವಳು ನಾನೇ.