ಡ್ರಾಪ್ ಔಟ್ ಆಗಿದ್ದ ಅಕ್ಕ

ಕೊಂಡ್ಲಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ರೇಷ್ಮೆ ಸೀರೆ ನೇಯುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದವರು ನಲವತ್ತರ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ, ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುತ್ತಿದ್ದರು. ಪದದ ಕೆಳಗೆ ಬೆರಳಿಟ್ಟು, "ಇನ್ನೊಂದ್ಸಲ ಹೇಳ್ರಿ ಮೇಷ್ಟ್ರೇ" ಅನ್ನುವುದು ಅವರ ರೂಢಿ. 'ಡ್ರಾಪ್ ಔಟ್' ಎಂದರೆ ಓದು ಅರ್ಧಕ್ಕೆ ಬಿಡುವುದು ಎಂದಾಗ, "ನನಗೂ ಒಂದು ಇಂಗ್ಲಿಷ್ ಹೆಸರೈತಲ್ರೀ!" ಎಂದು ನಕ್ಕಿದ್ದರು.

ಆ ವರ್ಷ ಇಂಗ್ಲಿಷಿನಲ್ಲಿ ಫೇಲಾದರು. ಇನ್ನು ಬರಲಾರರು ಅಂದುಕೊಂಡೆ. ಮರುದಿನ ಬೆಳಿಗ್ಗೆಯೇ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹಿಂದೆ ಬಿದ್ದೋರು ಮುಂದಿನೋರ್ನ ಹಿಡಿಯೋದಕ್ಕೆ ಏನಂತಾರ್ರಿ?"

"ಕ್ಯಾಚ್ ಅಪ್," ಅಂದೆ.

"ಇವತ್ತು ಅದನ್ನೇ ಕಲಿಸ್ರಿ."

ಮರುಪರೀಕ್ಷೆಯಲ್ಲಿ ಪಾಸಾದ ದಿನ ಮಿಠಾಯಿ ತಂದುಕೊಟ್ಟು ಅವರು ಕೇಳಿದ್ದು ಒಂದೇ ಮಾತು: "ಮೊಳಕಾಲ್ಮೂರು ಕಾಲೇಜಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೈತ್ರಿ?"