ಒಂಬತ್ತನೇ ಮಷೀನಿನ ಮೀನುಗಳು

೨೦೦೨ರಲ್ಲಿ ನಾನು ನಾಗಪುರದ ಬಜಾಜ್ ನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕಿಯಾಗಿದ್ದೆ. ಲ್ಯಾಬಿನಲ್ಲಿ ಒಂಬತ್ತು ಮಷೀನುಗಳು. ಆರನೇ ತರಗತಿಯ ಎ ಮತ್ತು ಬಿ ಸೆಕ್ಷನ್‌ಗಳು ಸರದಿಯಂತೆ ಅವನ್ನೇ ಬಳಸಬೇಕು. ಸಮುದ್ರ ಸಂರಕ್ಷಣೆಯ ಪಾಠವನ್ನು, ಸಮುದ್ರವನ್ನೇ ಕಾಣದ ಈ ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಅದು ಕೇಳಲಾಗದೆ ರಜೆಯಲ್ಲಿ ಕೂತು ನಾನೇ ಒಂದು ಗೇಮ್ ಬರೆದೆ.

ಒಂದು ದೋಣಿ, ಒಂದು ಬಲೆ, ಇನ್ನೂರು ಮೀನು. ಹಿಡಿದಷ್ಟೂ ಅಂಕ. ಉಳಿಸಿದ ಮೀನುಗಳು ಮರಿ ಮಾಡಿ ಹೆಚ್ಚುತ್ತವೆ. ಎಲ್ಲವನ್ನೂ ಹಿಡಿದರೆ ಸಮುದ್ರ ಖಾಲಿ. ರಿಸೆಟ್ ಬಟನ್ ಇರಲಿಲ್ಲ. ಎಷ್ಟು ಮೀನು ಉಳಿದಿವೆ ಎಂಬುದು ಹಾರ್ಡ್ ಡಿಸ್ಕ್‌ನಲ್ಲಿ ಸೇವ್ ಆಗುತ್ತಿದ್ದುದರಿಂದ, ಮಷೀನ್ ಆರಿಸಿ ಹಚ್ಚಿದರೂ ಹೊಸ ಸಮುದ್ರ ಬರುತ್ತಿರಲಿಲ್ಲ.

ಸೋಮವಾರ ಎ ಸೆಕ್ಷನ್‌ನವರು ಅಂಕದಾಸೆಗೆ ಒಂದೇ ಪಿರಿಯಡ್ಡಿನಲ್ಲಿ ಎಂಟು ಸಮುದ್ರಗಳನ್ನು ಗುಡಿಸಿಹಾಕಿದರು. ಒಂಬತ್ತನೇ ಮಷೀನ್ ಕೆಟ್ಟಿದ್ದರಿಂದ ಉಳಿಯಿತು. ಮುಂದಿನ ಪಿರಿಯಡ್ಡಿಗೆ ಬಂದ ಬಿ ಸೆಕ್ಷನ್ ಬರೀ ನೀಲಿ ಪರದೆಗಳ ಮುಂದೆ ಕೂತಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಬೆಳಗಾವಿ ಕಡೆಯ ಸುಜಾತಾ ಎಂಬ ಹುಡುಗಿ ಅಳುತ್ತಲೇ ಕೇಳಿದಳು: "ಟೀಚರ್, ನಾವ್ ಏನ್ ತಪ್ಪ್ ಮಾಡೇವ್ರಿ?"

ಒಂಬತ್ತನೆಯದು ರಿಪೇರಿಯಾದ ಮೇಲೆ ಮೊದಲ ಸರದಿ ನಿನ್ನದೇ ಎಂದೆ.

ಪ್ರಿನ್ಸಿಪಾಲರಿಗೆ ಪೋಷಕರ ದೂರು ಹೋಯಿತು. ಶುಕ್ರವಾರ ಶಾಲಾ ತಪಾಸಣೆ. ಅಷ್ಟರೊಳಗೆ ರಿಸೆಟ್ ಹಾಕಬೇಕು, ಇಲ್ಲದಿದ್ದರೆ ಗೇಮ್ ಅಳಿಸಿ ಟೈಪಿಂಗ್ ಕಲಿಸಬೇಕು ಎಂದರು ಪ್ರಿನ್ಸಿಪಾಲರು. ಮನೆಯಲ್ಲೂ ಯಜಮಾನರದು ಅದೇ ರಾಗ: "ಒಂದ್ ಬಟನ್ ಹಾಕಿದ್ರ ಮುಗೀತು. ಸುಮ್ನ ಯಾಕ ಜಗಳಾ ತೆಗೀತಿ?"

"ಖರೇ ಸಮುದ್ರಕ್ಕ ಆ ಬಟನ್ ಎಲ್ಲೈತಿ, ತೋರಿಸ್ರಿ," ಎಂದೆ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಬಟನ್ ಹಾಕಲಿಲ್ಲ.

ಶುಕ್ರವಾರ ಬಿ ಸೆಕ್ಷನ್ನಿನ ಪಿರಿಯಡ್. ಒಂಬತ್ತನೇ ಮಷೀನ್ ಆಗಷ್ಟೇ ರಿಪೇರಿಯಾಗಿ ಬಂದಿತ್ತು. ಸುಜಾತಾ ಇನ್ನೇನು ಕೂರಬೇಕು, ಅಷ್ಟರಲ್ಲಿ ತಪಾಸಣೆಯ ಸಾಹೇಬರು ಬಂದು, ನೋಡೋಣ ಎನ್ನುತ್ತ ಅದೇ ಕುರ್ಚಿಯಲ್ಲಿ ಕೂತರು. ತಡೆಯಬೇಕೆಂದುಕೊಂಡೆ, ತಡೆಯಲಿಲ್ಲ. ಸಾಹೇಬರು ಹುರುಪಿನಿಂದ ಬಲೆ ಬೀಸಿ ಇನ್ನೂರನ್ನೂ ಹಿಡಿದು, ನಗುತ್ತ ನನ್ನ ಕಡೆ ತಿರುಗಿದರು. "ಚಲೋ ಮೇಡಂ, ಫಿರ್ ಸೆ ಶುರು ಕರೋ."

ಪ್ರಿನ್ಸಿಪಾಲರು ನನ್ನನ್ನು ದುರುಗುಟ್ಟಿ ನೋಡಿದರು.

"ಮತ್ತೆ ಶುರು ಆಗುವುದಿಲ್ಲ ಸರ್," ಎಂದೆ.

ಕುರ್ಚಿಯ ಹಿಂದಿನಿಂದ ಸುಜಾತಾಳ ದನಿ ಬಂತು: "ಸರ್, ಉಸ್‌ಮೇ ಹಮಾರಾ ಭೀ ಥಾ." ಅದರಲ್ಲಿ ನಮ್ಮದೂ ಇತ್ತು.

ಸಾಹೇಬರು ಮೌಸ್ ಮೇಲಿನ ಕೈ ತೆಗೆದರು. ಎದ್ದು ಹೋದರು. ವರದಿಯಲ್ಲಿ ಮಾತ್ರ ಗೇಮ್‌ನಲ್ಲಿ ದೋಷವಿದೆ ಎಂದು ಬರೆದರು. ಅಳಿಸುವ ಆದೇಶ ಸೋಮವಾರ ನನ್ನ ಕೈಗೆ ಬಂತು. ಅದರ ಕೆಳಗೆ "ದೋಷ ಗೇಮ್‌ನದಲ್ಲ" ಎಂದು ಬರೆದು ಸಹಿ ಹಾಕಿದೆ. ಆ ವರ್ಷವಿಡೀ ಟೈಪಿಂಗ್ ಕಲಿಸಿದೆ.

ಮಕ್ಕಳಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ಬಿ.ಎಡ್.ನಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ, ಹೋಂವರ್ಕಿನಲ್ಲಿ ಧಾರಾಳವಾಗಿ ಕೊಟ್ಟಿದ್ದೇನೆ. ಆದರೆ ಯಾರ ಕೈಯಲ್ಲೂ ಇಲ್ಲದ್ದನ್ನು ಕೊಟ್ಟಂತೆ ನಟಿಸುವುದು ಪಾಠವಲ್ಲ, ಮೋಸ. ಸುಜಾತಾಳ ಪಾಲನ್ನು ನನ್ನ ಕಣ್ಣೆದುರೇ ಕಸಿದರು, ನಾನು ಅದನ್ನು ಕಾಪಾಡಲಿಲ್ಲ. ಆ ನಾಚಿಕೆ ಇಂದಿಗೂ ಇದೆ. ಆದರೆ ರಿಸೆಟ್ ಬಟನ್ ಹಾಕಿ, ಕಸಿದೇ ಇಲ್ಲ ಎಂದು ಅವಳಿಗೆ ಹೇಳು ಎಂದರೆ, ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.