ಗೈದರ್ಸ್‌ಬರ್ಗ್ ಅಂಕಲ್ ಬೇಡವೆಂದ ವೋಟು

ಹೋದ ವಾರ ಗ್ಯಾರೇಜು ಗುಡಿಸುವಾಗ ಕಪಾಟಿನ ಮೇಲೆ ಒಂದು ನೀಲಿ ತಗಡಿನ ಡಬ್ಬಿ ಸಿಕ್ಕಿತು. ಬಿಸ್ಕತ್ತು ತುಂಬಿಕೊಂಡು ಬರುತ್ತಿದ್ದ ಆ ದುಂಡನೆಯ ಡಬ್ಬಿ ಒಂದು ಕಾಲಕ್ಕೆ ಇಲ್ಲಿ ಅಮೆರಿಕದ ಎಲ್ಲ ಕನ್ನಡದವರ ಮನೆಯಲ್ಲೂ ಇತ್ತು. ಒಳಗೆ ಬಿಸ್ಕತ್ತು ಮಾತ್ರ ಇರುತ್ತಿರಲಿಲ್ಲ. ಈ ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂಡ್ರೈವರಿನಿಂದ ಸೀಳಿದ ಉದ್ದನೆಯ ಕಂಡಿಯೊಂದಿದೆ, ಅಂಚೆಲ್ಲ ಅಂಕುಡೊಂಕು. ಮುಚ್ಚಳ ತೆಗೆದರೆ ಶೇಂಗಾ ಚಟ್ನಿಪುಡಿಯ ವಾಸನೆ, ಸುಟ್ಟ ಬೆಳ್ಳುಳ್ಳಿಯದು... ಇಷ್ಟು ವರ್ಷ ಅದು ಉಳಿದಿರಲಿಕ್ಕಿಲ್ಲ, ನನ್ನ ಮೂಗೇ ಸೇರಿಸಿಕೊಂಡಿತೋ ಏನೋ. ಪೊರಕೆ ಗೋಡೆಗೆ ಒರಗಿಸಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ.

ಅದು ಗೈದರ್ಸ್‌ಬರ್ಗ್ ಅಂಕಲ್ ಮಾಡಿದ ಮತಪೆಟ್ಟಿಗೆ. ನಮ್ಮಲ್ಲಿ ಯಾರನ್ನೂ ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಇರುವ ಊರೇ ಮನೆತನದ ಹೆಸರು. ನಾವು ನದಿಯ ಈಚೆ ದಡದ ರೆಸ್ಟನ್ನಿನವರು, ಅವರು ನದಿಯಾಚೆ ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನವರು. ಧಾರವಾಡದ ಕಡೆಯವರು, ಸೇತುವೆ ಕಟ್ಟಿಸುವ ಇಂಜಿನಿಯರು. ನಮಗಿಂತ ಇಪ್ಪತ್ತು ವರ್ಷ ಮೊದಲೇ ಬಂದು ಇಲ್ಲಿಯ ಪ್ರಜೆಯಾಗಿದ್ದರು. ತೊಂಬತ್ತರ ದಶಕದ ನಡುವೆ ನಾನು ಗಂಡನ ಹಿಂದೆ ಮೈಸೂರಿನಿಂದ ಬಂದಾಗ ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ವೋಟು ಅಂತೂ ಎಲ್ಲೂ ಇರಲಿಲ್ಲ. ಊರಲ್ಲಿ ವೋಟಿನ ವಯಸ್ಸು ಬಂದ ಮೇಲೆ ಒಂದು ಸಲ ಪರೀಕ್ಷೆ ಅಡ್ಡ ಬಂತು, ಇನ್ನೊಂದು ಸಲ ಮದುವೆ. ಇಪ್ಪತ್ತನಾಲ್ಕು ವರ್ಷವಾದರೂ ಎಲ್ಲಿಯೂ ಒಂದು ಚೀಟಿ ಹಾಕದವಳು ನಾನು.

ನನಗೆ ಡ್ರೈವಿಂಗ್ ಕಲಿಸಿದವರು ಅಂಕಲ್. ಭಾನುವಾರಗಳಲ್ಲಿ ನದಿ ದಾಟಿ ಬಂದು, ಖಾಲಿ ಆಫೀಸೊಂದರ ಪಾರ್ಕಿಂಗಿನಲ್ಲಿ ಸುತ್ತು ಹೊಡೆಸುತ್ತಿದ್ದರು. ಗಂಡನ ಹತ್ತಿರ ಕಲಿತಿದ್ದರೆ ಒಂದೋ ಕಾರು ಉಳಿಯುತ್ತಿರಲಿಲ್ಲ, ಇಲ್ಲ ಸಂಸಾರ. ಅಂಕಲ್ ಒಮ್ಮೆಯೂ ದನಿ ಎತ್ತಲಿಲ್ಲ. ಪಾಠ ಮುಗಿದ ಮೇಲೆ ನಮ್ಮನೆಯಲ್ಲಿ ಕಾಫಿ ಕುಡಿಯುತ್ತ ಅವರ ಇಷ್ಟದ ವಿಷಯ ಎತ್ತುತ್ತಿದ್ದರು, ಅಮೆರಿಕದ ಅಧ್ಯಕ್ಷರನ್ನು ಆರಿಸುವ ಪದ್ಧತಿ. ಇಲ್ಲಿ ಜನ ಹಾಕುವ ವೋಟು ನೇರವಾಗಿ ಅಧ್ಯಕ್ಷನಿಗೆ ಹೋಗುವುದಿಲ್ಲ, ಪ್ರತಿ ರಾಜ್ಯದವರು ತಮ್ಮ ಪರವಾಗಿ ಎಲೆಕ್ಟರುಗಳನ್ನು ಕಳಿಸುತ್ತಾರೆ, ಅಧ್ಯಕ್ಷನನ್ನು ಆರಿಸುವವರು ಅವರು ಎಂದು ನನಗೆ ತಿಳಿಸಿದವರೇ ಅವರು. ಸೇತುವೆಯ ಭಾರ ಒಂದೇ ಕಂಬದ ಮೇಲೆ ಬೀಳಬಾರದು, ಸಣ್ಣ ಕಂಬಕ್ಕೂ ಪಾಲು ಕೊಡಬೇಕು ಎನ್ನುವುದು ಅವರ ವಾದ. ಎಲೆಕ್ಟರ್ ಅಂದರೆ ಬರೀ ಟಪಾಲಿನವನಲ್ಲ, ತಲೆ ಉಪಯೋಗಿಸಬೇಕಾದವನು ಎಂದೂ ಹೇಳುತ್ತಿದ್ದರು. ಆಂಟಿಗೆ, ಅಂದರೆ ಅವರ ಹೆಂಡತಿಗೆ, ಇದು ಒಂದಿಷ್ಟೂ ಒಪ್ಪಿಗೆಯಿರಲಿಲ್ಲ. ಎಲ್ಲರ ಚೀಟಿಯನ್ನೂ ಒಂದೇ ಡಬ್ಬಿಗೆ ಹಾಕಿ ಎಣಿಸಿದರೆ ಮುಗಿಯಿತು, ನಡುವೆ ಈ ದಲ್ಲಾಳಿಗಳು ಯಾಕೆ ಎಂದು ಕೇಳುತ್ತಿದ್ದರು. ಈ ಜಗಳ ಅವರ ಮನೆಯಲ್ಲಿ ಊಟದ ಜೊತೆ ಬಡಿಸುತ್ತಿದ್ದ ಇನ್ನೊಂದು ಪಲ್ಯ.

ಮಾತು ಬರೀ ಮಾತಾಗಿ ಉಳಿಯಲಿಲ್ಲ. ನಮ್ಮ ಕನ್ನಡ ಸಂಘದ ಚುನಾವಣೆಗೆ ಒಂದು ರೋಗವಿತ್ತು. ಸಭೆ ನದಿಯ ಯಾವ ದಡದಲ್ಲಿ ನಡೆಯುತ್ತದೋ ಆ ದಡದವರೇ ಅಧ್ಯಕ್ಷರಾಗುತ್ತಿದ್ದರು. ಒಂದು ವೋಟಿಗಾಗಿ ಆ ಟ್ರಾಫಿಕ್ಕಿನಲ್ಲಿ ನದಿ ದಾಟುವವರು ಯಾರು? ಅದಕ್ಕೆ ಅಂಕಲ್ ಕೂತು ಹೊಸ ನಿಯಮಾವಳಿ ಟೈಪು ಮಾಡಿದರು. ಐದು ಏರಿಯಾ, ದೊಡ್ಡದಿರಲಿ, ಸಣ್ಣದಿರಲಿ, ಏರಿಯಾಕ್ಕೆ ಒಬ್ಬ ಎಲೆಕ್ಟರ್. ಆಯಾ ಏರಿಯಾದವರು ಪಾಟ್‌ಲಕ್ಕಿಗೆ, ಅಂದರೆ ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಊಟಕ್ಕೆ, ಸೇರಿದಾಗ ಚೀಟಿ ಬರೆಯುವುದು, ಎಲೆಕ್ಟರುಗಳು ಒಂದೆಡೆ ಕೂಡಿ ಅಧ್ಯಕ್ಷರನ್ನು ಆರಿಸುವುದು. ಚೀಟಿ ಮನೆಗೊಂದೇ, ಏಕೆಂದರೆ ಸದಸ್ಯತ್ವವೂ ಮನೆಗೊಂದೇ. ಮನೆಯ ಚೀಟಿ ಅಂದರೆ ಗಂಡಸರ ಚೀಟಿ ಎಂದು ಯಾರೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ಆಂಟಿಯ ಚಟ್ನಿಪುಡಿ ಡಬ್ಬಿ ಖಾಲಿಯಾಗಿ, ತೊಳೆಸಿಕೊಂಡು, ಮತಪೆಟ್ಟಿಗೆಯಾಯಿತು. ಎಷ್ಟು ತೊಳೆದರೂ ನಮ್ಮ ಪ್ರಜಾಪ್ರಭುತ್ವಕ್ಕೆ ಬೆಳ್ಳುಳ್ಳಿ ವಾಸನೆ ತಪ್ಪಲಿಲ್ಲ.

ಆ ವರ್ಷ ಅಂಕಲ್ ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅವರಿಗೆ ಬೇಕಾಗಿದ್ದುದು ಒಂದೇ, ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ. ಅವರ ಮಗಳು ಫೋನಿನಲ್ಲಿ ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರಿಸಿದ್ದು, ಆ ಕಡೆಯಿಂದ ಅಜ್ಜಿ ಸುಮ್ಮನಾದದ್ದು ಅವರ ಮನಸ್ಸಿನಲ್ಲಿ ಕೂತಿತ್ತು. ಎದುರು ನಿಂತವರು ಬೆಂಗಳೂರಿನ ಒಬ್ಬ ಡಾಕ್ಟರು. ಒಳ್ಳೆಯ ಮನುಷ್ಯರೇ, ಅವರ ಭರವಸೆ ದೊಡ್ಡ ಪಿಕ್ನಿಕ್ಕು, ಊರಿಂದ ಆರ್ಕೆಸ್ಟ್ರಾ. ರೆಸ್ಟನ್ನಿನ ಹನ್ನೊಂದು ಮನೆಗಳ ಚೀಟಿಯಲ್ಲಿ ಎಂಟು ಡಾಕ್ಟರಿಗೆ ಬಿದ್ದವು. ಅದರಲ್ಲಿ ನಮ್ಮನೆಯ ಚೀಟಿಯೂ ಒಂದು, ಬರೆದವರು ನಮ್ಮವರು. ನನ್ನನ್ನು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಎಲೆಕ್ಟರ್ ಆಗಲು ಮಾತ್ರ ಯಾರಿಗೂ ಬಿಡುವಿರಲಿಲ್ಲ. "ಇವಳು ಮನೇಲೇ ಇರ್ತಾಳಲ್ಲ, ಹೋಗಿಬರ್ಲಿ" ಎಂದು ನಮ್ಮವರೇ ಸೂಚಿಸಿದರು, ಎಲ್ಲರೂ ಒಪ್ಪಿದರು. ನನ್ನ ರಾಜಕೀಯ ಪ್ರವೇಶ ಹೀಗಾಯಿತು.

ಆಮೇಲೆ ಸುದ್ದಿ ಬಂತು. ಎರಡು ಏರಿಯಾ ಅಂಕಲ್ ಕಡೆ, ಎರಡು ಡಾಕ್ಟರ ಕಡೆ. ಉಳಿದದ್ದು ರೆಸ್ಟನ್, ಅಂದರೆ ನಾನು.

ಒಂದು ವಾರ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಎಲೆಕ್ಟರ್ ತನ್ನ ಏರಿಯಾದವರು ಹೇಳಿದಂತೆಯೇ ವೋಟು ಹಾಕಬೇಕೋ, ತನ್ನ ಮನಸ್ಸಿಗೆ ಬಂದಂತೆ ಹಾಕಬಹುದೋ ಎಂದು ಅಂಕಲ್ ನಿಯಮಾವಳಿಯಲ್ಲಿ ಬರೆಯಲು ಮರೆತಿದ್ದರು. ಪುಟ ತಿರುಗಿಸಿ ತಿರುಗಿಸಿ ನೋಡಿದೆ, ಇರಲಿಲ್ಲ. ತಲೆ ಉಪಯೋಗಿಸಬೇಕು ಎಂದವರು ಅವರೇ ಅಲ್ಲವೇ? ನನ್ನ ತಲೆ, ನನ್ನ ಮನಸ್ಸು, ಎರಡೂ ಒಂದೇ ಹೆಸರು ಹೇಳುತ್ತಿದ್ದವು. ಅದು ನನ್ನ ಜೀವನದ ಮೊದಲನೆಯ ವೋಟು ಬೇರೆ.

ಸಭೆಯ ದಿನ ಮಧ್ಯಾಹ್ನ ನನ್ನನ್ನು ಕರೆದೊಯ್ಯಲು ಬಂದವರೂ ಅಂಕಲ್ಲೇ. ಅಭ್ಯರ್ಥಿಯೇ ಎಲೆಕ್ಟರನ್ನು ಕರೆದುಕೊಂಡು ಹೋಗುವುದು ಸರಿಯೇ ತಪ್ಪೇ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ರೈಡು ಅಂದರೆ ರೈಡು. ನದಿ ದಾಟುವಾಗ, ಎಲೆ ಉದುರಿದ ಮರಗಳ ನಡುವೆ ನೀರು ಹೊಳೆಯುತ್ತಿತ್ತು. ತಡೆಯಲಾರದೆ ಹೇಳಿಬಿಟ್ಟೆ: "ಅಂಕಲ್, ನಾನು ನಿಮಗೇ ವೋಟ್ ಹಾಕ್ತೀನಿ. ಡಿಸೈಡ್ ಮಾಡ್ಬಿಟ್ಟಿದೀನಿ."

ಅವರು ಮುಂದಿನ ಎಕ್ಸಿಟ್ ತಗೊಂಡು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಾರು ನಿಲ್ಲಿಸಿದರು.

"ನಿಮ್ಮ ಹನ್ನೊಂದು ಮನಿಯವರು ಏನ್ ಹೇಳ್ಯಾರ, ತಂಗಿ?"

ಡಾಕ್ಟರು ಅಂದೆ.

"ಹಂಗಾರ ಅದನ್ನ ಹಾಕು."

"ಎಲೆಕ್ಟರ್ ತಲೆ ಯೂಸ್ ಮಾಡ್ಬೇಕು ಅಂತ ನೀವೇ ಹೇಳಿದ್ರಲ್ಲ ಅಂಕಲ್?"

"ಹೇಳೀನಿ. ನನ್ನ ಸಲುವಾಗಿ ಹೇಳಿದ್ದಲ್ಲ ಅದು," ಎಂದು ಕಾರಿನ ಇಂಜಿನ್ ಆರಿಸಿದರು. "ನಾಳೆ ಆ ಹನ್ನೊಂದು ಮನಿಗೂ ನೀ ಮತ್ತ ಊಟಕ್ಕ ಹೋಗ್ಬೇಕು. ಅವರ ಮಾರಿ ನೋಡ್ಬೇಕು. ಹಾಕಿ ಬಾ."

ನನಗೆ ಅಳು ಬಂತು, ಸಿಟ್ಟೂ ಬಂತು. ನನಗೆ ಸಿಕ್ಕಿದ್ದ ಒಂದೇ ಒಂದು ವೋಟು, ಅದೂ ನನ್ನದಲ್ಲ ಎಂದರೆ? ಅವರು ಅಲ್ಲಿಯ ಅಂಗಡಿಯೊಳಗೆ ಹೋಗಿ ಎರಡು ಕಾಫಿ ತಂದರು. ಕುಡಿದೆವು. ಆ ಸಭೆಯಲ್ಲಿ ಡಾಕ್ಟರ ಹೆಸರು ಬರೆದು ಡಬ್ಬಿಗೆ ಹಾಕಿದೆ. ಅಂಕಲ್ ಒಂದು ವೋಟಿನಿಂದ ಸೋತರು, ಮೊದಲು ಎದ್ದು ಹೋಗಿ ಡಾಕ್ಟರ ಕೈ ಕುಲುಕಿದರು.

ಕಥೆ ಅಲ್ಲಿಗೆ ಮುಗಿಯಲು ಆಂಟಿ ಬಿಡಬೇಕಲ್ಲ! ಐದೂ ಏರಿಯಾದ ಚೀಟಿಗಳ ಲಕೋಟೆಗಳನ್ನು ತರಿಸಿಕೊಂಡು ಅವರ ಮನೆಯ ಊಟದ ಮೇಜಿನ ಮೇಲೆ ಸುರುವಿ, ಹೋಳಿಗೆ ಲಟ್ಟಿಸುವಷ್ಟೇ ಶ್ರದ್ಧೆಯಿಂದ ಎರಡು ಸಲ ಎಣಿಸಿದರು. ಗೈದರ್ಸ್‌ಬರ್ಗಿನಲ್ಲಿ ಮನೆಗಳು ಹೆಚ್ಚು, ಹೆಚ್ಚೂಕಡಿಮೆ ಎಲ್ಲವೂ ಅಂಕಲ್ಲಿಗೇ ಬಿದ್ದಿದ್ದವು. ಒಟ್ಟು ಚೀಟಿಯಲ್ಲಿ ಅಂಕಲ್ಲೇ ಮುಂದೆ! ಆಂಟಿ ಹೇಳಿದಂತೆ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದರೆ ಅವರೇ ಅಧ್ಯಕ್ಷರು.

"ತಾವು ತೋಡಿದ ಗುಂಡಿಗೆ ತಾವೇ ಬಿದ್ರಿ ನೋಡ್ರಿ," ಅಂದರು ಆಂಟಿ.

ಅಂಕಲ್ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನೊಮ್ಮೆ ಸಭೆ ಕರೆಯಿರಿ ಎಂದು ಅವರ ಕಡೆಯವರು ಎಷ್ಟು ಹೇಳಿದರೂ ಕೇಳಲಿಲ್ಲ. ಆಟ ಮುಗಿದ ಮೇಲೆ ನಿಯಮ ತಿದ್ದುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂದರು. ಮರುವಾರವೇ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡ ತರಗತಿ ಶುರು ಮಾಡಿದರು. ಅದಕ್ಕೆ ಅಧ್ಯಕ್ಷರೇ ಆಗಬೇಕಾಗಿರಲಿಲ್ಲ, ಅವರಿಗದು ಸೋತ ಮೇಲೆ ತಿಳಿಯಿತು. ಅ ಆ ಇ ಈ ಕಲಿಸುವ ಕೆಲಸ ನನ್ನದು. ಭಾನುವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ನದಿ ದಾಟುತ್ತಿದ್ದೆ, ಪಾಠ ಮುಗಿದ ಮೇಲೆ ಆಂಟಿಯ ರೊಟ್ಟಿ ಊಟ... ಅಷ್ಟು ಸುಖದ ಭಾನುವಾರಗಳು ನನಗೆ ಆಮೇಲೆ ಸಿಗಲಿಲ್ಲ.

ಮುಂದಿನ ವರ್ಷ ಅಂಕಲ್ ತಾವು ನಿಲ್ಲುವುದಿಲ್ಲವೆಂದು ಮೊದಲು ಹೇಳಿ, ಆಮೇಲೆ ತಿದ್ದುಪಡಿ ತಂದರು. ಎಲೆಕ್ಟರುಗಳು ಬೇಡ, ಚೀಟಿ ಟಪಾಲಿನಲ್ಲಿ ಕಳಿಸಿದರೆ ಸಾಕು, ಮನೆಗೊಂದಲ್ಲ, ತಲೆಗೊಂದು. ಆ ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದರು. ಹಾಗೆ ನಾನು ಜೀವನದಲ್ಲಿ ಮೊದಲ ಸಲ ನನ್ನದೇ ವೋಟನ್ನು ಸ್ಟಾಂಪು ಹಚ್ಚಿ ಟಪಾಲಿಗೆ ಹಾಕಿದೆ. ಅದರಲ್ಲಿ ಅವರ ಹೆಸರಿರಲಿಲ್ಲ. ಅವರು ಮತ್ತೆ ನಿಲ್ಲಲೇ ಇಲ್ಲ.

ಕೆಲವು ವರ್ಷಗಳ ಮೇಲೆ, ಇಡೀ ದೇಶದಲ್ಲೇ ಹೆಚ್ಚು ಜನರ ವೋಟು ಒಬ್ಬರಿಗೆ, ಅಧ್ಯಕ್ಷಗಿರಿ ಇನ್ನೊಬ್ಬರಿಗೆ ಆದಾಗ ಅಂಕಲ್ ಫೋನು ಮಾಡಿದ್ದರು. ತಮ್ಮ ಕಥೆಯನ್ನೇ ಟಿವಿಯಲ್ಲಿ ತೋರಿಸುತ್ತಿದ್ದಾರೆ, ತಮಗೊಂದು ಮಾತೂ ಕೇಳಲಿಲ್ಲ ಎಂದು ನಕ್ಕರು. ಹಿಂದೆ ಆಂಟಿ ಏನೋ ಅನ್ನುತ್ತಿದ್ದುದು ಕೇಳಿಸುತ್ತಿತ್ತು.

ಅಂಕಲ್ ತೀರಿಹೋಗಿ ಈಗ ಆರು ವರ್ಷ. ಆಂಟಿ ಮಗಳ ಊರಿಗೆ ಹೋಗುವ ಮುನ್ನ ಈ ಡಬ್ಬಿಯನ್ನು ನನಗೆ ಕೊಟ್ಟಿದ್ದರು, ತಂದಿಟ್ಟು ಮರೆತಿದ್ದೆ. ಈಗ ನಾನೂ ಇಲ್ಲಿಯ ಪ್ರಜೆ. ಎಷ್ಟೋ ಸಲ ಸಾಲಿನಲ್ಲಿ ನಿಂತು, ಯಾರ‍್ಯಾರಿಗೋ ವೋಟು ಹಾಕಿ ಬಂದಿದ್ದೇನೆ. ಹಾಕಬೇಕು ಎಂದುಕೊಂಡಿದ್ದ ಒಬ್ಬರಿಗೆ ಮಾತ್ರ...

ಗ್ಯಾರೇಜಿನಲ್ಲಿದ್ದ ಹಳೆಯ ಲಕೋಟೆಯ ಮೂಲೆ ಹರಿದು ಅಂಕಲ್ ಹೆಸರು ಬರೆದೆ. ಮಡಿಸಿ, ಮುಚ್ಚಳ ಹಾಕಿ, ಕಂಡಿಯಲ್ಲಿ ತೂರಿಸಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳು ಕನ್ನಡ ಕಲಿತದ್ದು ಆ ಬೇಸ್‌ಮೆಂಟಿನಲ್ಲೇ.

"ಅಮ್ಮ, ವಾಟ್ ಆರ್ ಯೂ ಡೂಯಿಂಗ್?"

"ವೋಟ್ ಹಾಕ್ತಿದೀನಿ. ಗೈದರ್ಸ್‌ಬರ್ಗ್ ಅಂಕಲ್‌ಗೆ."

ಅವಳು ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಕನ್ನಡದಲ್ಲೇ, "ನಂಗೂ ಒಂದು ಚೀಟಿ ಕೊಡು," ಅಂದಳು.